ದೊಂದಿಯಿಂದ ಡಿಮ್ಮರ್‌ವರೆಗೆ: ಮಂಗಳೂರಿನ ರಂಗಬೆಳಕು

ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗ ದೊಂದಿಗೆ ರಾಳದ ಪುಡಿ ಎರಚುವ ಪದ್ಧತಿಯಿದೆ. ಪುಡಿ ಬಿದ್ದೊಡನೆ ಜ್ವಾಲೆ ಭಗ್ಗೆಂದು ಏಳುತ್ತದೆ; ರಕ್ಕಸನ ಮುಖ ಒಮ್ಮೆ ಕಂಡು ಮತ್ತೆ ಕತ್ತಲಲ್ಲಿ ಮುಳುಗುತ್ತದೆ. ಚೆಂಡೆಯ ಯಾವ ಪೆಟ್ಟಿಗೆ, ಎಷ್ಟು ಪುಡಿ ಎಂದು ಬಲ್ಲವನನ್ನು ಕರಾವಳಿಯ ಮೊದಲ ಬೆಳಕು ವಿನ್ಯಾಸಕನೆಂದು ಕರೆಯಬೇಕು. ಭಾಗವತರ, ವೇಷಧಾರಿಗಳ ಪರಂಪರೆಯನ್ನು ಅಕ್ಕರೆಯಿಂದ ದಾಖಲಿಸಿದ ಯಕ್ಷಗಾನ ಚರಿತ್ರೆಯಲ್ಲಿ ಅವನ ಹೆಸರು ಸಿಗುವುದು ಅಪರೂಪ.

ವೇಷಗಳು ರೂಪುಗೊಂಡದ್ದೇ ಆ ಬೆಳಕಿಗಾಗಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಡುವ ಚುಟ್ಟಿಗೆ ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ನೆರಳು ಹುಟ್ಟುತ್ತದೆ, ಮುಖ ಉಬ್ಬಿ ಕಾಣುತ್ತದೆ. ಕಿರೀಟ, ಭುಜಕೀರ್ತಿಗಳ ಬೇಗಡೆ ಮಿನುಗುವುದೂ ಬೆಂಕಿ ಅಲುಗಿದರೇ. ದೊಂದಿಯ ಬೆಳಕಿನ ವರ್ಣತಾಪ ಸುಮಾರು 1,900 ಕೆಲ್ವಿನ್. ಕೆಂಪು, ಹಳದಿಗಳಿಗೆ ಹೇಳಿ ಮಾಡಿಸಿದ್ದು.

ಆಮೇಲೆ ಬಂತು ಗ್ಯಾಸ್‌ಲೈಟು. ಅದರೊಳಗೆ ಕಾದು ಬೆಳಗುವ ಬಲೆಯಾದ ಮ್ಯಾಂಟಲ್‌ಗೆ ಆಸ್ಟ್ರಿಯಾದ ಕಾರ್ಲ್ ಔಯರ್ ಪೇಟೆಂಟ್ ಪಡೆದದ್ದು 1885ರಲ್ಲಿ. ಮ್ಯಾಂಟಲ್‌ಗೆ ಬೇಕಾದ ಥೋರಿಯಂ ಇರುವ ಮೊನಜೈಟ್ ಮರಳು 1909ರಲ್ಲಿ ಪತ್ತೆಯಾದದ್ದು ಇದೇ ಪಶ್ಚಿಮ ಕರಾವಳಿಯ ದಕ್ಷಿಣ ತುದಿಯ ತಿರುವಾಂಕೂರಿನಲ್ಲಿ! ಗ್ಯಾಸ್‌ಲೈಟು ಮೇಲೆ ತೂಗಿ ಒಂದೇ ಸಮನೆ ಉರಿಯಿತು. ವೇಷದ ಜತೆ ನಡೆಯುತ್ತಿದ್ದ ದೊಂದಿಯ ಬೆಳಕು ನಿಂತುಹೋಯಿತು.

ಡೇರೆ ಮೇಳಗಳ ಕಾಲಕ್ಕೆ ಜನರೇಟರ್ ಬಂತು, ರಂಗಸ್ಥಳದ ಕಂಬಗಳಿಗೆ ಟ್ಯೂಬ್‌ಲೈಟುಗಳೂ ಬಂದವು. 6,500 ಕೆಲ್ವಿನ್ನಿನ ಆ ಬಿಳಿ ಬೆಳಕಿನಲ್ಲಿ ಕೆಂಪು ಮಂಕಾಗಿ, ಚುಟ್ಟಿ ಚಪ್ಪಟೆಯಾಯಿತು. ಹಿಂದಿನ ಸಾಲಿನವರಿಗೂ ವೇಷ ಸ್ಪಷ್ಟವಾಗಿ ಕಂಡಿತು, ನಿಜ. ಆದರೆ ಬಣ್ಣದ ವೇಷವನ್ನು ಎಲ್ಲರೂ ಎಲ್ಲ ಹೊತ್ತೂ ಸ್ಪಷ್ಟವಾಗಿ ಕಾಣಬೇಕೇ?

ಬೆಳಕಿಗೆ ಕತ್ತಲೆಯೂ ಬೇಕೆಂಬ ಅರಿವನ್ನು ಆಧುನಿಕ ರಂಗಭೂಮಿ ಬೇರೆ ದಾರಿಯಿಂದ ಕಂಡುಕೊಂಡಿತು. 1959ರಲ್ಲಿ ಕಲ್ಕತ್ತೆಯ ಮಿನರ್ವಾ ರಂಗಮಂದಿರದಲ್ಲಿ, ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ಬೆಳಕು ವಿನ್ಯಾಸಕ ತಾಪಸ್ ಸೇನ್ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗುವುದನ್ನು ಬೆಳಕಿನಲ್ಲೇ ಕಾಣಿಸಿದರು. ಕರ್ನಾಟಕದಲ್ಲಿ ಈ ವಿದ್ಯೆ ತರಗತಿಯ ಪಾಠವಾಗಲು 1980ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರದ ಪಾಲು ದೊಡ್ಡದು. 1985ರಿಂದ ಅದರ ತಿರುಗಾಟ ತಂಡ ತನ್ನ ದೀಪಗಳನ್ನೂ ಹೊತ್ತುಕೊಂಡೇ ಊರೂರು ಸುತ್ತಿತು.

ಮಂಗಳೂರಿನಲ್ಲಿ ಈ ವೃತ್ತಿಗೆ ಇನ್ನೊಂದು ಬಾಗಿಲೂ ಇದೆ: ಬಾಡಿಗೆ ಅಂಗಡಿ. ಮದುವೆ, ಜಾತ್ರೆ, ಚರ್ಚಿನ ಹಬ್ಬಕ್ಕೆ ಪಾರ್ ಲೈಟು ಕಟ್ಟಿ ಕೈ ಪಳಗಿದ ಹುಡುಗ, ಪುರಭವನದಲ್ಲೋ ಡಾನ್ ಬಾಸ್ಕೊ ಹಾಲಿನಲ್ಲೋ ನಾಟಕದ ಡಿಮ್ಮರ್ ಮುಂದೆ ಕೂರುತ್ತಾನೆ. ಆಮಂತ್ರಣದಲ್ಲಿ ‘ಧ್ವನಿ-ಬೆಳಕು’ ಎಂಬ ಕೊನೆಯ ಸಾಲು ಅವನದು. ದುಡ್ಡು ಸಾಮಾನ್ಯವಾಗಿ ಸಾಮಾನಿನ ಬಾಡಿಗೆಯ ಲೆಕ್ಕದಲ್ಲೇ. ಕಣ್ಣಿಗೆ, ಕಲ್ಪನೆಗೆ ಬೇರೆ ಸಂಭಾವನೆ ಕೊಡುವ ರೂಢಿ ಇನ್ನೂ ಗಟ್ಟಿಯಾಗಿಲ್ಲ.

2020ರಲ್ಲಿ ರಂಗಕ್ಕೆ ಬಂದ, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಶಿವದೂತೆ ಗುಳಿಗೆ’ ತುಳು ನಾಟಕದಲ್ಲಿ ಬೆಳಕು ಅಲಂಕಾರದ ಮಟ್ಟ ಮೀರಿತು. ಭೂತಕೋಲದ ಅಂಗಳದಲ್ಲಿ ಗುಳಿಗ ದೈವಕ್ಕೆ ಉರಿಯುವ ಸೂಟೆಯೇ ಬೆಳಕು. ಇಲ್ಲಿ ಆ ಕೆಲಸ ವಿದ್ಯುತ್ತಿನದು. ಹಾಲಿನಲ್ಲಿ ಆಡಿದ್ದನ್ನು ಬಯಲಿನಲ್ಲಿ ಆಡುವಾಗ ದೀಪಗಳ ಎತ್ತರ, ಕೋನ ಎಲ್ಲ ಹೊಸದಾಗಿ ಹೊಂದಿಸಬೇಕು. ಕನ್ಸೋಲಿನಲ್ಲಿ ಉಳಿಸಿಟ್ಟ ಕ್ಯೂಗಳು ಅಷ್ಟಕ್ಕೇ ಸಾಲವು.

ಇತ್ತ ಕರಾವಳಿಯಲ್ಲಿ ಆಗಾಗ ‘ದೊಂದಿ ಬೆಳಕಿನ ಯಕ್ಷಗಾನ’ವೂ ನಡೆಯುತ್ತಿದೆ. ದೊಂದಿ ಹಚ್ಚಿದರಷ್ಟೇ ಸಾಲದು, ಹಿಡಿಯುವವನಿಗೆ ಪ್ರಸಂಗದ ನಡೆಯೂ ತಿಳಿದಿರಬೇಕು. ಆ ವಿದ್ಯೆ ಕಲಿಸುವವರನ್ನು ಹುಡುಕುವುದು ಎಣ್ಣೆ, ಬಟ್ಟೆ ಹೊಂದಿಸಿದಷ್ಟು ಸುಲಭವಲ್ಲ.