ಕನಕಪುರ ದಾರಿಯ ಕಂಸಾಳೆ

ಕಂಸಾಳೆ ಎಂದರೆ ಮಲೆ ಮಹದೇಶ್ವರನ ಭಕ್ತರು ಕೈಯಲ್ಲಿ ಹಿಡಿದು ನುಡಿಸುವ ಕಂಚಿನ ಜೋಡಿತಾಳ. ಒಂದು, ಅಂಗೈಯಲ್ಲಿ ಕೂರುವ ಬಟ್ಟಲು. ಇನ್ನೊಂದು, ನಡುವೆ ತೂತಿರುವ ಚಪ್ಪಟೆ ತಟ್ಟೆ. ತೂತಿನಲ್ಲಿ ಪೋಣಿಸಿದ ದಾರದ ತುದಿಗೆ ಬಣ್ಣದ ಗೊಂಡೆ ಇರುತ್ತದೆ. ಎಡಗೈಯಲ್ಲಿ ಬಟ್ಟಲು ಹಿಡಿದು ಬಲಗೈಯಿಂದ ತಟ್ಟೆಯನ್ನು ಬೀಸಿ ಅದರ ಮೇಲೆ ಹೊಡೆಯುವುದು ಕ್ರಮ. ತಾಮ್ರಕ್ಕೆ ತವರ ಬೆರೆಸಿದ ಈ ಲೋಹವೇ ಗಂಟೆಗಳಿಗೂ ಬಳಕೆಯಾಗುವುದು. ಪೆಟ್ಟು ಬಿದ್ದ ಮೇಲೂ ನಾದ ಒಂದಷ್ಟು ಹೊತ್ತು ಉಳಿಯುವುದು ಅದರ ಗುಣ.

ಮಾದಪ್ಪ, ಮಾದೇವ ಎಂದು ಜನ ಕರೆಯುವ ಮಹದೇಶ್ವರ 14–15ನೇ ಶತಮಾನದವನೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುತ್ತಾರೆ. ಉತ್ತರದಿಂದ ಬಂದ ಈ ಶರಣ ಸುತ್ತೂರು, ಕುಂತೂರು ಮಠಗಳಲ್ಲಿದ್ದು ಕಡೆಗೆ ಕಾವೇರಿಯಾಚೆಯ ಏಳುಮಲೆಯಲ್ಲಿ ನೆಲೆಸಿದನೆಂದು ಕಥೆಗಳು ಹೇಳುತ್ತವೆ. ಅವನ ಹೆಸರಿನಲ್ಲಿ ದೀಕ್ಷೆ ಪಡೆದವರು ದೇವರಗುಡ್ಡರು. ಹಾಲುಮತದವರು ಇವರಲ್ಲಿ ಮುಖ್ಯರಾದರೂ ಹಲವು ಜಾತಿಗಳ ಒಕ್ಕಲುಗಳಲ್ಲಿ ಮನೆಗೊಬ್ಬ ಮಗನನ್ನು ಹರಕೆಯಾಗಿ ಗುಡ್ಡನನ್ನಾಗಿ ಬಿಡುವ ವಾಡಿಕೆ ಇತ್ತು. ಗುಡ್ಡನಾದವನು ಕೊರಳಿಗೆ ರುದ್ರಾಕ್ಷಿ, ಹಣೆಗೆ ವಿಭೂತಿ ಧರಿಸಿ, ಕಂಸಾಳೆ ನುಡಿಸುತ್ತ ಮನೆಮನೆಗೆ ಹೋಗಿ ಭಿಕ್ಷೆ ಎತ್ತುತ್ತಿದ್ದ. ವಾದ್ಯ ಕಲಿಯುವುದೂ ಕಥೆ ಕಲಿಯುವುದೂ ವ್ರತದ ಭಾಗವೇ ಆಗಿತ್ತು.

ಈ ಸಂಪ್ರದಾಯದ ಗಟ್ಟಿ ನೆಲೆ ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆ. ಮಾದಪ್ಪನ ಒಕ್ಕಲು ಅಲ್ಲಿಂದ ರಾಮನಗರದ ಕಡೆಗೂ ಹಬ್ಬಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಯಾತ್ರಿಕರ ಕಾಲುದಾರಿಯೂ ಸಂಗಮದ ಕಡೆಗೇ. ಮಹಾಶಿವರಾತ್ರಿಗೆ ಮುನ್ನ ರಾಮನಗರ, ಚನ್ನಪಟ್ಟಣ, ಕನಕಪುರದ ಭಕ್ತರು ತಂಡ ಕಟ್ಟಿಕೊಂಡು ನಡೆದು ಹೋಗುತ್ತಾರೆ. ಆ ಹೊತ್ತಿಗೆ ಕಾವೇರಿಯಲ್ಲಿ ನೀರು ತಗ್ಗಿರುತ್ತದೆ. ಸಂಗಮದ ಬಳಿ ಹಗ್ಗ ಹಿಡಿದು ಹೊಳೆ ದಾಟಿ, ಕಾಡಿನೊಳಗೆ ನಡೆದು, ತಾಳುಬೆಟ್ಟದ ಮೂಲಕ ಮಲೆ ಏರುತ್ತಾರೆ. ಉಘೇ ಮಾದಪ್ಪ ಎಂಬ ಕೂಗು ದಾರಿಯುದ್ದಕ್ಕೂ ಜೊತೆಗಿರುತ್ತದೆ. ಮಲೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಕಂಸಾಳೆಯ ವರ್ಷವೂ ಈ ಹಬ್ಬಗಳನ್ನೇ ಅನುಸರಿಸುತ್ತದೆ.

ಕಂಸಾಳೆಯವರ ಹಾಡಿಕೆ ಎರಡು ಬಗೆ. ಹಳೆಯದು ಕುಳಿತು ಹಾಡುವ ಕಥೆ. ಮುಂದಾಳು ಹಾಡಿ ಅರ್ಥ ಹೇಳಿದರೆ, ಹಿಮ್ಮೇಳದ ಇಬ್ಬರು ಮೂವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಏಕತಾರಿ, ದಮ್ಮಡಿ ಜೊತೆಗಿರುತ್ತವೆ. ಮಾದೇಶ್ವರನ ಕಾವ್ಯ ಸಾಲುಗಳಾಗಿ ಹಂಚಿದೆ: ಶ್ರವಣನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು ಇತ್ಯಾದಿ. ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡನ ಸಂಶಯಕ್ಕೆ ಸಿಕ್ಕಿ ನರಳುವ ಸೋಲಿಗರ ಹೆಣ್ಣನ್ನು ಮಾದಪ್ಪ ಕಾಯುತ್ತಾನೆ. ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ. ಒಂದು ಸಾಲು ಹಾಡಿ ಮುಗಿಸಲು ಇಡೀ ರಾತ್ರಿ ಬೇಕು. ಇಲ್ಲಿ ಕಂಚಿನ ಕೆಲಸ ಕಥೆಯ ನಡಿಗೆಯನ್ನು ಹಿಡಿದಿಡುವುದು: ಮಾತಿಗೆ ತಗ್ಗುತ್ತದೆ, ಸೊಲ್ಲಿಗೆ ಏರುತ್ತದೆ.

ಎರಡನೆಯದು ಬೀಸು ಕಂಸಾಳೆ. ಎಂಟು ಹತ್ತು ಜನ ಗೆಜ್ಜೆ ಕಟ್ಟಿ ಸಾಲಾಗಿಯೋ ವೃತ್ತವಾಗಿಯೋ ನಿಲ್ಲುತ್ತಾರೆ. ಲಯ ಮೊದಲು ನಿಧಾನ. ತಟ್ಟೆ ತಲೆಯ ಮೇಲೆ ಸುತ್ತಿ ಬಟ್ಟಲಿಗೆ ಬೀಳುತ್ತದೆ. ಮಂಡಿಯ ಕೆಳಗಿಂದ, ಬೆನ್ನ ಹಿಂದಿನಿಂದ ಬಂದು ಮತ್ತೆ ಬೀಳುತ್ತದೆ. ಲಯ ಏರಿದಂತೆ ಆಟಗಾರ ತನ್ನ ಬಟ್ಟಲಿಗೆ ಒಂದು ಪೆಟ್ಟು, ಪಕ್ಕದವನ ಬಟ್ಟಲಿಗೆ ಒಂದು ಪೆಟ್ಟು ಹಾಕುತ್ತಾನೆ. ಒಬ್ಬನ ತೋಳು ಅರೆಗಳಿಗೆ ತಡವಾದರೂ ಪಕ್ಕದವನ ಪೆಟ್ಟು ಖಾಲಿ ಹೋಗುತ್ತದೆ, ಸಾಲು ಕದಡುತ್ತದೆ. ಹತ್ತು ಜೋಡಿಯಿಂದ ಒಂದೇ ಸದ್ದು ಹೊರಡುವುದು ಕಲಿಕೆ ಪಕ್ವವಾದದ್ದರ ಗುರುತು. ಕಸರತ್ತಿನಂತೆ ಕಾಣುವ ಈ ಆಟದಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಪಕ್ಕದವನ ಮೇಲಿನ ನಂಬಿಕೆ.

ಕಂಚನ್ನು ಕೈಯಲ್ಲಿ ಹಿಡಿದು ಹಬ್ಬಕ್ಕೆ ಗುಂಪಾಗಿ ನುಡಿಸುವ ಪದ್ಧತಿ ಬೇರೆ ನಾಡುಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಚರ್ಚಿನ ಗೋಪುರದ ಗಂಟೆಗಳನ್ನು ಬಾರಿಸುವವರು ಅಭ್ಯಾಸಕ್ಕೆಂದು ಸಣ್ಣ ಕೈಗಂಟೆಗಳನ್ನು ಬಳಸುತ್ತಿದ್ದರು. ಮುಂದೆ ಅದೇ ಸ್ವತಂತ್ರ ವಾದ್ಯಮೇಳವಾಯಿತು. 1840ರ ದಶಕದಲ್ಲಿ ಅದು ಅಮೆರಿಕಕ್ಕೆ ಹೋಯಿತು. 1954ರಲ್ಲಿ ಅಲ್ಲಿ ಕೈಗಂಟೆಯವರ ಸಂಘ ಹುಟ್ಟಿತು. ಕ್ರಿಸ್‌ಮಸ್ ಹಾಡುಗಳನ್ನು ಸಣ್ಣ ತಂಡಗಳಿಗೆ ಹೊಂದಿಸುವುದು ಇಂದು ಅಲ್ಲಿ ದೊಡ್ಡ ಕೆಲಸ. ಆ ಮೇಳದಲ್ಲಿ ಒಬ್ಬೊಬ್ಬರ ಕೈಗೆ ಕೆಲವೇ ಸ್ವರಗಳು. ಎಲ್ಲರೂ ಸೇರಿದಾಗಲೇ ರಾಗ. ಕಂಸಾಳೆಯಲ್ಲಿ ರಾಗ ಕೊರಳಿನದು, ಹಂಚಿಕೆಯಾಗುವುದು ಲಯ. ಎರಡರಲ್ಲೂ ಒಂಟಿ ವಾದಕನಿಂದ ಮೇಳ ಪೂರ್ಣವಾಗದು.

20ನೇ ಶತಮಾನದ ಉತ್ತರಾರ್ಧದಲ್ಲಿ ಕಂಸಾಳೆ ಗ್ರಂಥಕ್ಕೂ ವೇದಿಕೆಗೂ ಬಂತು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾದಾಗ, ಅನಕ್ಷರಸ್ಥ ಗಾಯಕರ ನೆನಪಿನಲ್ಲಿ ಎಂಥ ಮಹಾಕಾವ್ಯ ಉಳಿದಿತ್ತೆಂಬುದು ಓದುವವರಿಗೆ ತಿಳಿಯಿತು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಜಾನಪದ ಲೋಕ 1994ರಲ್ಲಿ ಬಾಗಿಲು ತೆರೆಯಿತು. ಜನಪದ ವಾದ್ಯಗಳ ಸಂಗ್ರಹ, ಹಾಡುಗಳ ಧ್ವನಿಮುದ್ರಣ, ಲೋಕೋತ್ಸವ, ತರಬೇತಿಗಳಿಂದ ಕಲಾವಿದರಿಗೆ ಈ ಸೀಮೆಯಲ್ಲೇ ಒಂದು ಆಸರೆ ಸಿಕ್ಕಿತು. ಮೈಸೂರು ದಸರಾ ಮೆರವಣಿಗೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಬೀಸು ಕಂಸಾಳೆ ಈಗ ಸಾಮಾನ್ಯ. ದೀಕ್ಷೆಯಿಲ್ಲದವರೂ ಹೆಣ್ಣುಮಕ್ಕಳೂ ಅದನ್ನು ಕಲಿಯುತ್ತಿದ್ದಾರೆ.

ಈ ಹರಡುವಿಕೆ ಒಳ್ಳೆಯದೇ. ಆದರೆ ವೇದಿಕೆ ಕೊಡುವುದು ಕೆಲವು ನಿಮಿಷ. ಅಷ್ಟರಲ್ಲಿ ಬೀಸು ಉಳಿಯುತ್ತದೆ, ಸಾಲು ಉಳಿಯುವುದಿಲ್ಲ. ಸಂಕಮ್ಮನ ಕಥೆ ಗೊತ್ತಿಲ್ಲದ ಕೈಗೆ ಕಂಸಾಳೆ ಬರೀ ತಾಳ. ಬೀಸು ಕಲಿಸುವ ಶಾಲೆ, ಸಂಘಗಳು ಒಂದು ಸಾಲನ್ನಾದರೂ ಪೂರ್ತಿ ಹಾಡಲು ಕಲಿಸಬೇಕು; ಊರಿನವರು ವರ್ಷಕ್ಕೊಂದು ರಾತ್ರಿಯಾದರೂ ಕೂತು ಅದನ್ನು ಕೇಳಬೇಕು.