ರಮ್ ಅಗ್ಗ, ಹಾಲು ದುಬಾರಿ

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣ, ಅತ್ತಿಗೆ ಒಂದು ಕ್ರಿಸ್‌ಮಸ್ ರಜೆಯಲ್ಲಿ ಸ್ನೇಹಿತರ ಎರಡು ಮೂರು ಸಂಸಾರಗಳ ಜೊತೆ ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ಎಂಬ ದ್ವೀಪಕ್ಕೆ ಹೋಗಿದ್ದರು. ಮಕ್ಕಳು ಮರಿ ಸೇರಿ ಹನ್ನೆರಡು ಜನ. ಹೋಟೆಲು ಬೇಡ, ವಾರದ ಮಟ್ಟಿಗೆ ಒಂದು ಮನೆ ಬಾಡಿಗೆಗೆ ಹಿಡಿದು ತಾವೇ ಬೇಯಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಸೇಂಟ್ ಜಾನ್‌ನಲ್ಲಿ ವಿಮಾನ ನಿಲ್ದಾಣವಿಲ್ಲ. ಪಕ್ಕದ ಸೇಂಟ್ ಥಾಮಸ್ ದ್ವೀಪದಲ್ಲಿ ಇಳಿದು, ಬೇಕಾದ್ದನ್ನೆಲ್ಲ ಅಲ್ಲೇ ಕೊಂಡು, ರೆಡ್ ಹುಕ್ ಎಂಬಲ್ಲಿಂದ ದೋಣಿ ಹತ್ತಬೇಕು. ಸುಮಾರು ಇಪ್ಪತ್ತು ನಿಮಿಷದ ದಾರಿ.

ಎಲ್ಲರಿಂದಲೂ ದುಡ್ಡು ಸೇರಿಸಿ ತಂಡ ಎರಡು ಪಾಲಾಯಿತು. ಒಂದು ಪಾಲು ದಿನಸಿಗೆ, ಇನ್ನೊಂದು ಬಾಟಲಿಗೆ. ಬಾಟಲಿ ತಂಡ ಕಾಲು ಗಂಟೆಯಲ್ಲಿ ನಗುನಗುತ್ತಾ ಹೊರಬಂತು. ದಿನಸಿ ತಂಡ ಬಂದದ್ದು ಒಂದೂವರೆ ಗಂಟೆಯ ಮೇಲೆ, ಬಿಲ್ಲನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಾ.

“ನಾಲ್ಕು ಲೀಟರಿನ ಹತ್ತಿರದ ಒಂದು ಕ್ಯಾನು ಹಾಲಿಗೂ ಒಂದು ಬಾಟಲಿ ರಮ್ಮಿಗೂ ಹೆಚ್ಚುಕಡಿಮೆ ಒಂದೇ ರೇಟು ಕಣಪ್ಪಾ. ಸುತ್ತ ಹಸಿರು ಗುಡ್ಡ, ಮಳೆ. ಅಂಗಡಿಯಲ್ಲಿ ಮಾತ್ರ ಈರುಳ್ಳಿ, ಟೊಮೆಟೊ, ಕ್ಯಾರೆಟ್ಟು ಎಲ್ಲಾ ಹಡಗಲ್ಲಿ ಬಂದದ್ದು” ಎಂದರು ಅತ್ತಿಗೆ ಫೋನಿನಲ್ಲಿ.

ಪ್ರವಾಸಿಗಳ ಊರು, ದುಬಾರಿ ಇರದೆ ಮತ್ತೇನು ಎಂದು ನಾನು ಮೊದಲು ಸುಮ್ಮನಾದೆ. ಆದರೆ ಹಾಗಿದ್ದರೆ ರಮ್ ಕೂಡ ದುಬಾರಿಯಾಗಬೇಕಿತ್ತಲ್ಲ? ಈ ಪ್ರಶ್ನೆ ಹಿಡಿದು ಹಳೆಯ ಚರಿತ್ರೆ ಓದುತ್ತಾ ಹೋದಾಗ ಸಿಕ್ಕಿದ್ದು 1647ರ ಒಂದು ಪತ್ರ. ಸೇಂಟ್ ಜಾನ್‌ನಿಂದ ಆಗ್ನೇಯಕ್ಕೆ ದೂರದಲ್ಲಿರುವ ಬಾರ್ಬಡೋಸ್ ದ್ವೀಪದಿಂದ ರಿಚರ್ಡ್ ವೈನ್ಸ್ ಎಂಬಾತ ಮ್ಯಾಸಚೂಸೆಟ್ಸ್‌ನ ಗವರ್ನರ್ ಜಾನ್ ವಿಂಥ್ರಪ್‌ಗೆ ಅದನ್ನು ಬರೆದಿದ್ದ. ಇಲ್ಲಿಯವರಿಗೆ ಕಬ್ಬಿನದೇ ಧ್ಯಾನ, ಸಕ್ಕರೆಯಲ್ಲಿ ಎಷ್ಟು ಲಾಭವೆಂದರೆ ಊಟದ ಸಾಮಾನನ್ನು ತಾವೇ ದುಡಿದು ಬೆಳೆಯುವುದಕ್ಕಿಂತ ಎಷ್ಟೇ ದುಬಾರಿಯಾದರೂ ಕೊಂಡು ತಿನ್ನುವುದೇ ಮೇಲು ಎಂದುಕೊಂಡಿದ್ದಾರೆ ಎಂಬುದು ಆ ಪತ್ರದ ಸಾರಾಂಶ. ಅತ್ತಿಗೆಯ ಬಿಲ್ಲು ಶುರುವಾಗುವುದು ಇಲ್ಲಿಂದ.

ಇಂಗ್ಲಿಷರು ಬಾರ್ಬಡೋಸಿನಲ್ಲಿ ನೆಲೆಸಿದ್ದು 1627ರಲ್ಲಿ. ಮೊದಮೊದಲು ತಂಬಾಕು, ಹತ್ತಿ ಬೆಳೆದರು. 1640ರ ದಶಕದಲ್ಲಿ ಕಬ್ಬು ಬಂತು. ಬಂದದ್ದೇ ತಡ, ಕಾಡು ಕಡಿದು, ಗದ್ದೆ ತೋಟ ಒಂದನ್ನೂ ಬಿಡದೆ ಕಬ್ಬು ನೆಟ್ಟರು. ದುಡಿಯಲು ಆಫ್ರಿಕಾದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ. ಮಂಡ್ಯದ ಕಡೆಯ ಓದುಗರಿಗೆ ಅದೇನೆಂದು ವಿವರಿಸಬೇಕಿಲ್ಲ. ಆ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ರಮ್. ಆರಂಭದ ದಿನಗಳಲ್ಲಿ ಅದಕ್ಕಿದ್ದ ಅಡ್ಡಹೆಸರು ‘ಕಿಲ್ ಡೆವಿಲ್’, ಅಂದರೆ ದೆವ್ವವನ್ನೇ ಕೊಲ್ಲುವಂಥದ್ದು. ಹೆಸರಿನಿಂದಲೇ ರುಚಿ ಊಹಿಸಬಹುದು.

ಹೀಗೆ ದ್ವೀಪದಲ್ಲಿ ಹೇರಳವಾಗಿ ಸಿಗುವ ವಸ್ತು ರಮ್, ಹೊರಗಿನಿಂದ ಬರಬೇಕಾದ ವಸ್ತು ಅನ್ನ ಎಂಬ ಏರ್ಪಾಡು ಹದಿನೇಳನೇ ಶತಮಾನದಲ್ಲೇ ಆಗಿಹೋಯಿತು. ಆಮೇಲೆ ಒಂದೊಂದೇ ದ್ವೀಪ ಇದೇ ದಾರಿ ಹಿಡಿಯಿತು. ಇಂದಿನ ಅಮೆರಿಕದ ಈಶಾನ್ಯ ಕರಾವಳಿಯಿಂದ ಹಿಟ್ಟು, ಮರಮುಟ್ಟು, ಗಾಣ ಎಳೆಯುವ ಕುದುರೆ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಹಡಗೇರಿ ಬರುತ್ತಿದ್ದವು. ಹಿಂದಿರುಗುವಾಗ ಅದೇ ಹಡಗು ಕಾಕಂಬಿ ತುಂಬಿಕೊಳ್ಳುತ್ತಿತ್ತು. ಮೀನಿನಲ್ಲೂ ದರ್ಜೆಗಳಿದ್ದವು. ಒಳ್ಳೆಯ ಮೀನು ಸ್ಪೇನ್, ಪೋರ್ಚುಗಲ್‌ಗೆ. ಮುರಿದದ್ದು, ಸರಿಯಾಗಿ ಒಣಗದ್ದು ಕೆರಿಬಿಯನ್ ದ್ವೀಪಗಳ ಗುಲಾಮರಿಗೆ. ಇಂದು ಜಮೈಕಾದ ರಾಷ್ಟ್ರೀಯ ಖಾದ್ಯವೆಂದು ಹೆಸರಾಗಿರುವುದು ಆಫ್ರಿಕಾ ಮೂಲದ ಅಕೀ ಹಣ್ಣಿನ ಜೊತೆ ಬೇಯಿಸಿದ ಇದೇ ಉಪ್ಪು ಮೀನು.

ಹಡಗು ಬರುವವರೆಗೆ ಸರಿ. ಬಾರದಿದ್ದರೆ?

ಅಣ್ಣನ ತಂಡ ಈಜಾಡಿದ ಸೇಂಟ್ ಜಾನ್‌ಗೇ ಬರೋಣ. ಆ ದ್ವೀಪ 1718ರಿಂದ ಡೆನ್ಮಾರ್ಕಿನವರ ಕೈಯಲ್ಲಿತ್ತು. ಅನೇಕ ತೋಟಗಳ ಮಾಲೀಕರು ಸೇಂಟ್ ಥಾಮಸ್‌ನಲ್ಲಿ ಮನೆ ಮಾಡಿಕೊಂಡು, ಇಲ್ಲಿ ಮೇಸ್ತ್ರಿಗಳನ್ನು ಬಿಟ್ಟಿದ್ದರು. ಗುಲಾಮರು ತಮ್ಮ ಪಾಲಿಗೆ ಬಿಟ್ಟುಕೊಟ್ಟ ಇಳಿಜಾರು ನೆಲದ ತುಂಡಿನಲ್ಲಿ ಗೆಡ್ಡೆ ಗೆಣಸು ಬೆಳೆದು ಹೊಟ್ಟೆ ಹೊರೆಯಬೇಕು. 1733ರಲ್ಲಿ ಮೊದಲು ಬರ ಬಿತ್ತು, ನಂತರ ಚಂಡಮಾರುತ ಬೀಸಿತು, ಅಳಿದುಳಿದದ್ದನ್ನು ಹುಳುಗಳು ತಿಂದವು. ಹಸಿದವರು ಕಾಡಿಗೆ ಓಡತೊಡಗಿದರು. ಓಡಿಹೋದವರ ಕಾಲು ಕತ್ತರಿಸುವಂಥ ಕ್ರೂರ ಕಟ್ಟಳೆಗಳನ್ನು ಅದೇ ಸೆಪ್ಟೆಂಬರಿನಲ್ಲಿ ಗವರ್ನರ್ ಗಾರ್ಡಲಿನ್ ಹೊರಡಿಸಿದ.

ನವೆಂಬರ್ 23ರಂದು ಕೋರಲ್ ಬೇ ಎಂಬಲ್ಲಿನ ಕೋಟೆಗೆ ಎಂದಿನಂತೆ ಸೌದೆ ಹೊರೆ ಹೊತ್ತು ಕೆಲವು ಗುಲಾಮರು ಹೋದರು. ಹೊರೆಯೊಳಗೆ ಕಬ್ಬು ಕಡಿಯುವ ಕತ್ತಿಗಳಿದ್ದವು. ಕಾವಲಿನ ಸೈನಿಕರನ್ನು ಕೊಂದು, ಫಿರಂಗಿ ಹಾರಿಸಿ ಗುಡ್ಡದಾಚೆಯವರಿಗೆ ಸೂಚನೆ ಕೊಟ್ಟರು. ಸುಮಾರು ಆರು ತಿಂಗಳು ದ್ವೀಪದ ಬಹುಭಾಗ ಅವರ ಹಿಡಿತದಲ್ಲಿತ್ತು. ಡೇನರ ಕೈಯಲ್ಲಿ ಆಗದೆ ಕೊನೆಗೆ ಮಾರ್ಟಿನಿಕ್ ದ್ವೀಪದಿಂದ ಫ್ರೆಂಚ್ ಸೈನ್ಯ ತರಿಸಬೇಕಾಯಿತು. ಸೋತವರಲ್ಲಿ ಹಲವರು ಸೆರೆ ಸಿಕ್ಕುವ ಬದಲು ಪ್ರಾಣ ಕಳೆದುಕೊಂಡರು. ಗುಲಾಮಗಿರಿಯೇ ದಂಗೆಗೆ ಕಾರಣ ಎನ್ನುವುದು ಸರಿ. ಆದರೆ ಅದು ಅದೇ ವರ್ಷ ಸಿಡಿದದ್ದರಲ್ಲಿ ಖಾಲಿ ಹೊಟ್ಟೆಯ ಪಾಲು ದೊಡ್ಡದು ಎಂದು ನನಗನಿಸುತ್ತದೆ.

ಇದು ಒಂದು ಪುಟ್ಟ ದ್ವೀಪದ ಕತೆಯಾಯಿತು. ಜಮೈಕಾದಲ್ಲಿ ನಡೆದದ್ದು ಇನ್ನೂ ಘೋರ. 1775ರಲ್ಲಿ ಅಮೆರಿಕದವರು ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತಾಗ ಹಿಟ್ಟು, ಮೀನಿನ ಹಡಗುಗಳು ನಿಂತವು. ಯುದ್ಧ ಮುಗಿದ ಮೇಲೆ ಮತ್ತೆ ಬರಬಹುದಿತ್ತು. ಆದರೆ ಅಮೆರಿಕದ ಹಡಗುಗಳು ತನ್ನ ದ್ವೀಪಗಳಿಗೆ ಬರಕೂಡದೆಂದು ಲಂಡನ್ ಸರ್ಕಾರ 1783ರಲ್ಲಿ ಆಜ್ಞೆ ಹೊರಡಿಸಿತು. ವ್ಯಾಪಾರದ ಹಟ. ಅದೇ ವರ್ಷಗಳಲ್ಲಿ ಒಂದರ ಹಿಂದೊಂದು ಚಂಡಮಾರುತ ಬೇರೆ. 1780ರಿಂದ 1787ರ ನಡುವೆ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದಲೂ ಸತ್ತ ಗುಲಾಮರ ಸಂಖ್ಯೆ 15,000 ಎಂದು ಜಮೈಕಾದ ಶಾಸನಸಭೆಯೇ ಲೆಕ್ಕ ಕೊಟ್ಟಿತು. ಆ ಸಭೆಯಲ್ಲಿ ಕೂತಿದ್ದವರು ತೋಟದ ಮಾಲೀಕರು ಎಂಬುದನ್ನು ನೆನಪಿಡಬೇಕು. ಇಷ್ಟರ ನಡುವೆಯೂ ಅಲ್ಲಿ ಕಬ್ಬು ಬೆಳೆಯುವುದು ನಿಲ್ಲಲಿಲ್ಲ.

ಆಗ ಅಗ್ಗದ ಆಹಾರದ ಹುಡುಕಾಟ ಶುರುವಾಯಿತು. ಪೆಸಿಫಿಕ್ ಸಾಗರದ ತಾಹಿತಿಯಲ್ಲಿ ಒಂದು ಮರವಿದೆ, ನೆಟ್ಟರೆ ಸಾಕು, ವರ್ಷವರ್ಷವೂ ಊಟ ಬಿಡುತ್ತದೆ ಎಂಬ ಸುದ್ದಿಯಿತ್ತು. ನಮ್ಮ ದಕ್ಷಿಣ ಕನ್ನಡದವರು ಜೀಗುಜ್ಜೆ ಎಂದೂ ಮಲೆನಾಡಿನವರು ದೀವಿಹಲಸು ಎಂದೂ ಕರೆಯುವುದು ಅದನ್ನೇ. ಸಸಿ ತರಲು 1787ರಲ್ಲಿ ಹೊರಟ ಕ್ಯಾಪ್ಟನ್ ವಿಲಿಯಂ ಬ್ಲೈ ಅವರ ‘ಬೌಂಟಿ’ ಹಡಗಿನಲ್ಲಿ 1789ರಲ್ಲಿ ನಾವಿಕರು ದಂಗೆ ಎದ್ದದ್ದು, ಸಸಿಗಳನ್ನು ಸಮುದ್ರಕ್ಕೆ ಎಸೆದದ್ದು ಸಿನಿಮಾಗಳಿಂದಾಗಿ ಎಲ್ಲರಿಗೂ ಗೊತ್ತು. ಬ್ಲೈ ಬಿಡಲಿಲ್ಲ. ಎರಡನೇ ಸಲ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ಸಸಿ ಮುಟ್ಟಿಸಿದರು. ಗುಲಾಮರು ಮೊದಮೊದಲು ಅದನ್ನು ಮುಟ್ಟದೆ ಹಂದಿಗೆ ಹಾಕಿದರಂತೆ. ಈಗ ಅಲ್ಲಿ ಸುಟ್ಟ ಜೀಗುಜ್ಜೆ ಮನೆಮನೆಯ ತಿಂಡಿ.

ಆದರೆ ದ್ವೀಪಗಳಿಗೆ ನಿಜವಾಗಿ ಅನ್ನ ಹಾಕಿದ್ದು ಬ್ಲೈ ತಂದ ಮರವಲ್ಲ. ಕಬ್ಬಿಗೆ ಬಾರದ ಗುಡ್ಡದ ಓರೆಗಳಲ್ಲಿ ಗುಲಾಮರು ವಾರಕ್ಕೊಂದು ಬಿಡುವಿನ ದಿನ ದುಡಿದು ಬೆಳೆದ ಹೆಗ್ಗೆಣಸು, ಮರಗೆಣಸು, ಕೆಸುವಿನ ಗೆಡ್ಡೆ, ಬಾಳೆ, ತೊಗರಿ. ತಾವು ತಿಂದು ಉಳಿದದ್ದನ್ನು ಭಾನುವಾರದ ಸಂತೆಗೆ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಜಮೈಕಾದಲ್ಲಿ ಬಿಳಿಯರ ಊಟದ ಮೇಜಿಗೂ ತರಕಾರಿ, ಕೋಳಿ, ಮೊಟ್ಟೆ ಬರುತ್ತಿದ್ದದ್ದು ಈ ಸಂತೆಯಿಂದಲೇ. ತನ್ನ ದೇಹವೇ ತನ್ನದಲ್ಲದ ಮನುಷ್ಯ ಸಂತೆಯಲ್ಲಿ ಕೂತು ಧಣಿಯ ಅಡುಗೆಯವನ ಜೊತೆ ಚೌಕಾಸಿ ಮಾಡುತ್ತಿದ್ದ. ಬಂದ ನಾಲ್ಕು ಕಾಸು ಅವನದೇ.

ಈ ಸಂತೆ ಅವರಿಗೆ ಎಷ್ಟು ದೊಡ್ಡದೆಂಬುದಕ್ಕೆ ಆಂಟಿಗ ದ್ವೀಪ ಸಾಕ್ಷಿ. (1974ರಲ್ಲಿ ಬೆಂಗಳೂರಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ ವಿವಿಯನ್ ರಿಚರ್ಡ್ಸ್ ಆ ದ್ವೀಪದವರು.) ಭಾನುವಾರ ದೇವರ ದಿನ, ವ್ಯಾಪಾರ ಕೂಡದು ಎಂದು 1831ರಲ್ಲಿ ಅಲ್ಲಿನ ಆಡಳಿತ ಸಂತೆಯನ್ನು ನಿಲ್ಲಿಸಿತು. ಒಳ್ಳೆಯದು, ಬದಲಿಗೆ ಬೇರೊಂದು ದಿನ ಕೊಡಬೇಕಿತ್ತಲ್ಲ, ಕೊಡಲಿಲ್ಲ. ಗುಲಾಮರು ಎಂದಿನಂತೆ ಬುಟ್ಟಿ ಹೊತ್ತು ಬಂದರು. ತಡೆದಾಗ ಗಲಭೆಯಾಯಿತು, ರಾತ್ರಿ ಕಬ್ಬಿನ ತೋಟಗಳಿಗೆ ಬೆಂಕಿ ಬಿತ್ತು, ಸೈನ್ಯ ಬಂತು.

ಸೇಂಟ್ ಥಾಮಸ್‌ನ ರಾಜಧಾನಿ ಷಾರ್ಲಟ್ ಅಮಾಲಿಯಲ್ಲಿ ಒಂದು ಕಾಲಕ್ಕೆ ಗುಲಾಮರನ್ನು ಹರಾಜು ಹಾಕುತ್ತಿದ್ದ ಚೌಕವೇ ಆಮೇಲೆ ತರಕಾರಿ ಸಂತೆಯಾಯಿತು. ಅತ್ತಿಗೆ ಅಲ್ಲಿಗೂ ಹೋಗಿದ್ದರು. ಬಿಡಿಸದ ಹಸಿ ತೊಗರಿಕಾಯಿ ರಾಶಿ ಕಂಡು ಅವರಿಗೆ ಆಶ್ಚರ್ಯ. ಅವರು ಸೂಟ್‌ಕೇಸಿನಲ್ಲಿ ನ್ಯೂಜೆರ್ಸಿಯಿಂದ ಎರಡು ಕಿಲೋ ತೊಗರಿಬೇಳೆ ಹೊತ್ತಿದ್ದರು! ಕಲಬುರಗಿಯ ತೊಗರಿಗೂ ಇದಕ್ಕೂ ಮೂಲ ಒಂದೇ. ಭಾರತದಲ್ಲಿ ಹುಟ್ಟಿದ ತೊಗರಿ ಸಾವಿರಾರು ವರ್ಷ ಹಿಂದೆ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗಿನಲ್ಲಿ ಕೆರಿಬಿಯನ್‌ಗೆ ಬಂತು. ಪಕ್ಕದ ಪೋರ್ಟೊರಿಕೊದಲ್ಲಿ ಇದಕ್ಕೆ ‘ಗಂಡೂಲ್’ ಎನ್ನುತ್ತಾರೆ. ತೆಲುಗಿನ ‘ಕಂದುಲು’ ಅಷ್ಟು ದೂರ ನಡೆದು ಬಂದಿರಬಹುದು ಎಂಬ ಊಹೆ ಇದೆ. ಕ್ರಿಸ್‌ಮಸ್ ಹೊತ್ತಿಗೆ ಹಸಿ ತೊಗರಿಕಾಳು ಹಾಕಿ ಅನ್ನ ಮಾಡುವುದು ಆ ಕಡೆಯ ಹಲವು ದ್ವೀಪಗಳ ವಾಡಿಕೆ.

ಈಗ ಬಾಟಲಿ ತಂಡದ ನಗುವಿಗೆ ಕಾರಣ ನೋಡೋಣ. ಸೇಂಟ್ ಥಾಮಸ್ ಹದಿನೆಂಟನೇ ಶತಮಾನದಲ್ಲೇ ಎಲ್ಲ ದೇಶಗಳ ಹಡಗಿಗೂ ತೆರೆದ ಬಂದರಾಗಿತ್ತು. 1917ರ ಮಾರ್ಚ್ 31ರಂದು ಅಮೆರಿಕ ಎರಡೂವರೆ ಕೋಟಿ ಡಾಲರ್ ಕೊಟ್ಟು ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ದ್ವೀಪಗಳನ್ನು ಡೆನ್ಮಾರ್ಕಿನಿಂದ ಕೊಂಡಿತು. ಧ್ವಜ ಅಮೆರಿಕದ್ದಾದರೂ ದ್ವೀಪಗಳು ಅದರ ಸುಂಕದ ಗಡಿಯಿಂದ ಹೊರಗೇ ಉಳಿದವು. ಹಾಗಾಗಿ ಮದ್ಯ ಅಗ್ಗ. ಅಮೆರಿಕದ ಪ್ರವಾಸಿ ಇಲ್ಲಿಂದ ಹಿಂತಿರುಗುವಾಗ ಐದು ಲೀಟರು ಮದ್ಯ ಸುಂಕವಿಲ್ಲದೆ ಒಯ್ಯಬಹುದು, ಸ್ಥಳೀಯವಾಗಿ ತಯಾರಾದದ್ದಿದ್ದರೆ ಇನ್ನೊಂದು ಲೀಟರು. ಷಾರ್ಲಟ್ ಅಮಾಲಿಯ ಮುಖ್ಯ ಬೀದಿಯ ಒಡವೆ, ಗಡಿಯಾರದ ಅಂಗಡಿಗಳಲ್ಲಿ ಹಲವು ಸಿಂಧಿ ವ್ಯಾಪಾರಿಗಳವು.

ಇನ್ನೂ ಒಂದು ಲೆಕ್ಕವಿದೆ. ಈ ದ್ವೀಪಗಳ ರಮ್ ಅಮೆರಿಕದಲ್ಲಿ ಮಾರಾಟವಾದಾಗ ಬರುವ ಅಬಕಾರಿ ತೆರಿಗೆಯನ್ನು ದ್ವೀಪಗಳ ಖಜಾನೆಗೇ ಮರಳಿಸಬೇಕೆಂದು 1954ರ ಕಾಯ್ದೆ ಹೇಳಿತು. ಅಂದಿನಿಂದ ಶಾಲೆ, ರಸ್ತೆ, ಸಂಬಳಗಳಿಗೆ ರಮ್ಮಿನ ದುಡ್ಡು ಆಸರೆ. ನಮ್ಮಲ್ಲಿ ಬಜೆಟ್ ದಿನ ಅಬಕಾರಿ ಗುರಿ ಏರಿಸಿದ್ದನ್ನು ವರದಿ ಮಾಡುವ ನನಗೆ ಇದೇನೂ ಹೊಸದಲ್ಲ. ವಿಚಿತ್ರವೆಂದರೆ ಸೇಂಟ್ ಕ್ರೋಯಿಯಲ್ಲಿ ಸಕ್ಕರೆಗಾಗಿ ಕಬ್ಬು ಬೆಳೆಯುವುದು 1966ಕ್ಕೇ ನಿಂತುಹೋಯಿತು. ಭಟ್ಟಿಗಳು ಮಾತ್ರ ನಿಂತಿಲ್ಲ, 2010ರಲ್ಲಿ ಇನ್ನೊಂದು ದೊಡ್ಡದು ಶುರುವಾಯಿತು. ಈಗ ಕಾಕಂಬಿಯೇ ಹಡಗಿನಲ್ಲಿ ಬರುತ್ತದೆ!

ಕಬ್ಬು ಹೋದ ಜಾಗಕ್ಕೆ ಅನ್ನ ಬರಲಿಲ್ಲ, ಪ್ರವಾಸೋದ್ಯಮ ಬಂತು. ಈ ಮೂರು ದ್ವೀಪಗಳಲ್ಲಿ ತಿನ್ನುವ ಆಹಾರದಲ್ಲಿ ಶೇಕಡ 90ಕ್ಕೂ ಹೆಚ್ಚು ಹೊರಗಿನದು, ಬಹುಪಾಲು ಫ್ಲಾರಿಡಾದಿಂದ ಕಂಟೇನರುಗಳಲ್ಲಿ ಬರುವಂಥದ್ದು. ಸೇಂಟ್ ಜಾನ್‌ಗಾದರೆ ಅದು ಇನ್ನೊಮ್ಮೆ ದೋಣಿ ದಾಟಬೇಕು. ಪ್ರವಾಸಿ ಈ ಬೆಲೆ ಕೊಡುವುದು ಒಂದು ವಾರ. ಅಲ್ಲಿ ಹೋಟೆಲಿನ ಹಾಸಿಗೆ ಸರಿಪಡಿಸುವವರು, ದೋಣಿ ನಡೆಸುವವರು ವರ್ಷವಿಡೀ ಕೊಡುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ಎರಡು ವಾರಗಳ ಅಂತರದಲ್ಲಿ ಇರ್ಮಾ, ಮರಿಯಾ ಚಂಡಮಾರುತಗಳು ಅಪ್ಪಳಿಸಿ ಬಂದರುಗಳು ಮುಚ್ಚಿದಾಗ ಕುಡಿಯುವ ನೀರಿಗೂ ಊಟದ ಪೊಟ್ಟಣಕ್ಕೂ ಸಾಲು ನಿಂತವರು ಇವರೇ. ಸುತ್ತಲಿನ ಸ್ವತಂತ್ರ ದ್ವೀಪರಾಷ್ಟ್ರಗಳ ಸ್ಥಿತಿಯೂ ಬಹಳ ಬೇರೆಯಲ್ಲ. ಅವುಗಳ ಒಕ್ಕೂಟ ಕ್ಯಾರಿಕೋಮ್, ಆಹಾರ ಆಮದಿನ ವೆಚ್ಚವನ್ನು 2025ರೊಳಗೆ ಕಾಲು ಭಾಗ ತಗ್ಗಿಸುವ ಪಣ ತೊಟ್ಟಿತ್ತು. ಆಗಲಿಲ್ಲ. ಗಡುವನ್ನು 2030ಕ್ಕೆ ಮುಂದೂಡಿದ್ದಾರೆ.

ವಾರ ಮುಗಿದು ಹೊರಡುವ ದಿನ ಅಡುಗೆ ಮನೆಯಲ್ಲಿ ಇನ್ನೂ ಸಾಮಾನು ಮಿಕ್ಕಿತ್ತಂತೆ. ರಮ್ ಬಾಟಲಿಗಳನ್ನು ಬಟ್ಟೆ ಸುತ್ತಿ ಸೂಟ್‌ಕೇಸಿಗೆ ಇಟ್ಟುಕೊಂಡರು. ಅಕ್ಕಿ, ಎಣ್ಣೆ, ಬೇಳೆಯನ್ನು ಮನೆ ಶುಚಿ ಮಾಡಲು ಬಂದ ಹೆಂಗಸಿಗೆ ಕೊಡಲೇ ಎಂದು ಅತ್ತಿಗೆ ಸಂಕೋಚದಿಂದಲೇ ಕೇಳಿದರು. ಆಕೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, ಅರ್ಧ ಉಳಿದಿದ್ದ ಹಾಲಿನ ಕ್ಯಾನನ್ನು ತೋರಿಸಿ, ಇದೂ ನಿಮಗೆ ಬೇಡ ತಾನೆ ಎಂದಳಂತೆ.