ಸಾವಿರ ಪ್ರತಿ, ಒಂದು ಓಲೆ



ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದನ್ನು ತಾವು ಶಾಲೆಯಲ್ಲಿ ಓದಿಯೇ ಇರುತ್ತೀರಿ. ಹತ್ತನೆಯ ಶತಮಾನದ ಆ ಕಾರ್ಯವನ್ನು ನಾವು ಸಾಮಾನ್ಯವಾಗಿ ಔದಾರ್ಯಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಆದರೆ ಅದೇ ಪೊನ್ನನು ‘ಭುವನೈಕರಾಮಾಭ್ಯುದಯ’ವೆಂಬ ಇನ್ನೊಂದು ಕಾವ್ಯವನ್ನೂ ರಚಿಸಿದ್ದನು. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ, ಭುವನೈಕರಾಮಾಭ್ಯುದಯ ಇಲ್ಲ. ಸಾವಿರ ಪ್ರತಿಯೊಂದೇ ಇದಕ್ಕೆ ಕಾರಣವೆಂದು ಆಣೆಯಿಟ್ಟು ಹೇಳಲಾಗದು. ಗೆದ್ದಲಿಗೆ ಒಂದು ಪ್ರತಿಯನ್ನು ತಿನ್ನುವುದು ಸುಲಭ, ಊರೂರಿಗೆ ಹಂಚಿಹೋದ ಸಾವಿರವನ್ನು ತಿನ್ನುವುದು ಕಷ್ಟ ಎಂದಷ್ಟೇ ಹೇಳಬಹುದು.

ಒಂದನೆಯ ಗುಣವರ್ಮನ ಸಂಗತಿ ಬೇರೆ. ಅವನ ‘ಶೂದ್ರಕ’, ‘ಹರಿವಂಶ’ ಎರಡೂ ನಷ್ಟವಾಗಿವೆ. ಆದರೂ ಅವನ ಬಿಡಿ ಪದ್ಯಗಳು ನಮಗೆ ಸಿಕ್ಕಿವೆ. ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹದಿಮೂರನೆಯ ಶತಮಾನದಲ್ಲಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸುವಾಗ ಕೆಲವನ್ನು ಎತ್ತಿಟ್ಟಿದ್ದನು. ಇಡೀ ಗ್ರಂಥ ಉಳಿಯುವುದು ಒಂದು, ಬೇಕಾದ ಪದ್ಯವೊಂದನ್ನು ಹೊರಗೆ ತೆಗೆಯಲಾಗುವುದು ಮತ್ತೊಂದು. ನಾನು ಇಂದು ಹೇಳಹೊರಟಿರುವ ಗಣಕಯಂತ್ರದ ವಿಚಾರದಲ್ಲಿಯೂ ಇದೇ ತೊಡಕು ಬಹುಕಾಲ ಇದ್ದಿತು.

ಗಣಕದಲ್ಲಿ ‘ಫೈಲ್’ ಎನ್ನುವುದಕ್ಕೆ ಕನ್ನಡದಲ್ಲಿ ‘ಕಡತ’ ಎನ್ನುತ್ತಾರೆ. ಇದು ಬಹಳ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದುದೇ ಕಡತ. ಅದರ ಗುಣವೂ ದೋಷವೂ ಒಂದೇ: ಒರಸಿ ಮತ್ತೆ ಬರೆಯಬಹುದು. ಕಲ್ಲಿನಲ್ಲಿ ಕೆತ್ತಿದ್ದು ಹಾಗಲ್ಲ. ಆದರೆ ಕಲ್ಲೂ ಒಡೆದು ಚಪ್ಪಡಿಯಾಗುತ್ತದೆ. ನಮ್ಮ ಭೇರ್ಯದ ಸೀಮೆ ಹಿಂದೆ ಎಡತೊರೆ ತಾಲ್ಲೂಕೆನ್ನಿಸಿಕೊಂಡಿದ್ದಾಗ, ಆ ತಾಲ್ಲೂಕಿನ ಶಾಸನಗಳನ್ನು ರೈಸ್ ಸಾಹೇಬರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ. ಕಲ್ಲು ಹೋದರೂ ಸಂಖ್ಯೆ ಹಿಡಿದು ಪಾಠವನ್ನು ತೆಗೆಯಬಹುದು.

ಈಗ ಪಹಣಿಗೆ ಬರೋಣ. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳು, 2000ದ ಸುಮಾರಿನಲ್ಲಿ ನಡೆದ ‘ಭೂಮಿ’ ಯೋಜನೆಯಿಂದ ಗಣಕವನ್ನು ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂದಿತು. ಕೈಬರಹದ ಪಹಣಿಗೆ ಆಮೇಲೆ ಮಾನ್ಯತೆ ಉಳಿಯಲಿಲ್ಲ. 2024ರಲ್ಲಿ ‘ಭೂಸುರಕ್ಷಾ’ ಎಂಬ ಹೆಸರಿನಿಂದ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡರು. ಮಾಸಿದ ಕಾಗದವೊಂದು ಹೀಗೆ ಒಂದು ಕಡತವಾಯಿತು. ಅದು ಹೋದರೆ ರೈತನ ಹಕ್ಕಿಗೆ ಸಾಕ್ಷಿ ಹೋದಂತೆ.

ದೊಡ್ಡ ಕಚೇರಿಗಳಲ್ಲಿ ಇಂಥ ಕಡತಗಳು ಇರುವುದು ಬಹುಮಟ್ಟಿಗೆ ‘ವರ್ಚುವಲ್ ಮೆಷಿನ್’ಗಳಲ್ಲಿ. ಮಾಯಾಯಂತ್ರ ಎನ್ನೋಣವೆಂದು ನನ್ನಂಥ ಪಂಡಿತನಿಗೆ ಆಸೆ. ಬೇಡ, ರೂಢಿಯ ಮಾತೇ ಇರಲಿ. ಒಂದು ನಿಜವಾದ ಗಣಕದೊಳಗೆ ಹತ್ತಾರು ಗಣಕಗಳು ಇರುವಂತೆ ತೋರಿಸುವ ಉಪಾಯವಿದು. ಅಮೆರಿಕದ ಐಬಿಎಂ ಸಂಸ್ಥೆಯವರು 1967ರಲ್ಲಿ ಕೇಂಬ್ರಿಜ್ ನಗರದಲ್ಲಿ ಇದನ್ನು ನಡೆಸಿ ತೋರಿಸಿ, 1972ರಲ್ಲಿ ಮಾರಾಟಕ್ಕೆ ತಂದರು. ಸಾಮಾನ್ಯ ಗಣಕಗಳಿಗೆ ಅದನ್ನು ಒಗ್ಗಿಸಿದ ವಿಎಂವೇರ್ ಸಂಸ್ಥೆ ಹುಟ್ಟಿದ್ದು 1998ರಲ್ಲಿ. ಒಳಗಿನ ಒಂದೊಂದು ಗಣಕದ ಇಡೀ ಡಿಸ್ಕ್ ಹೊರಗಿನಿಂದ ನೋಡಿದರೆ ಒಂದೇ ಒಂದು ದೊಡ್ಡ ಕಡತ. ಅದನ್ನು ನಕಲು ಮಾಡಿದರೆ ಇಡೀ ಯಂತ್ರವೇ ನಕಲಾಯಿತು. ಇದೇ ಬ್ಯಾಕಪ್.

ಹೇಳುವಷ್ಟು ಸುಲಭವಲ್ಲ. ಲಿಪಿಕಾರನು ಪ್ರತಿ ಮಾಡುತ್ತಿರುವಾಗಲೇ ಕವಿ ಮೂಲವನ್ನು ತಿದ್ದುತ್ತಿದ್ದರೆ ಏನಾದೀತು? ಅರ್ಧ ಹಳೆಯದು, ಅರ್ಧ ಹೊಸದು. ಆದ್ದರಿಂದ ಡಿಸ್ಕನ್ನು ಆ ಕ್ಷಣದ ಸ್ಥಿತಿಯಲ್ಲಿ ನಿಲ್ಲಿಸಿ, ಹೊಸ ಬರಹವನ್ನು ಪಕ್ಕದಲ್ಲಿ ಬರೆಯಿಸಿಕೊಳ್ಳುತ್ತ, ನಿಂತದ್ದನ್ನು ನಕಲು ಮಾಡುತ್ತಾರೆ. ಈ ನಿಲುಗಡೆಗೆ ‘ಸ್ನ್ಯಾಪ್‌ಷಾಟ್’ ಎಂದು ಹೆಸರು. ಇದನ್ನೇ ಬ್ಯಾಕಪ್ ಎಂದು ಭ್ರಮಿಸುವವರುಂಟು. ಅದು ಇರುವುದು ಮೂಲದ ಪೆಟ್ಟಿಗೆಯಲ್ಲೇ. ಪೆಟ್ಟಿಗೆ ಸುಟ್ಟರೆ ಎರಡೂ ಸುಟ್ಟವು. ಮೊದಮೊದಲು ಪ್ರತಿಯೊಂದು ಯಂತ್ರವೂ ರಾತ್ರಿ ತನ್ನ ನಕಲನ್ನು ತಾನೇ ಮಾಡಿಕೊಳ್ಳುತ್ತಿತ್ತು. ಹತ್ತು ಯಂತ್ರಗಳು ಒಟ್ಟಿಗೆ ತೊಡಗಿದರೆ ಹೊರುವ ಗಣಕ ಏದುಸಿರು ಬಿಡುತ್ತಿತ್ತು. 2006ರಲ್ಲಿ, ಹೊರಗೆ ನಿಂತ ಬೇರೊಂದು ಗಣಕವೇ ನಕಲು ಮಾಡುವ ಏರ್ಪಾಡು ಬಂದಿತು. 2009ರಿಂದ, ನಿನ್ನೆಯಿಂದ ಇಂದಿಗೆ ಬದಲಾದ ಭಾಗವನ್ನಷ್ಟೇ ಗುರುತು ಹಿಡಿದು ಒಯ್ಯುವ ವಿಧಾನವೂ ದೊರೆಯಿತು.

ಇಷ್ಟಾದರೂ ಒಂದು ಓಲೆಯನ್ನು ಹೇಗೆ ತೆಗೆಯುವುದು? ಹೊರಗಿನ ಕಣ್ಣಿಗೆ ಆ ನಕಲು ಬರೀ ಸಂಖ್ಯೆ ಹಾಕಿದ ತುಂಡುಗಳ ರಾಶಿ. ಯಾವ ತುಂಡು ಯಾರ ಕಾಗದವೆಂಬ ಸೂಚಿ ಆ ರಾಶಿಯ ಒಳಗೇ ಅಡಗಿದೆ. ಭೇರ್ಯದ ರೈತರೊಬ್ಬರ ಕಾಗದದ ಕಡತ ಗುರುವಾರ ಅಕಸ್ಮಾತ್ತಾಗಿ ಅಳಿಸಿಹೋಯಿತು, ಸೋಮವಾರದ ಬ್ಯಾಕಪ್ಪಿನಲ್ಲಿ ಅದು ಇದೆ ಎಂದಿಟ್ಟುಕೊಳ್ಳಿ. ಇಡೀ ಯಂತ್ರವನ್ನೇ ಸೋಮವಾರಕ್ಕೆ ಹಿಂದಿರುಗಿಸಿದರೆ ಅವರ ಕಾಗದವೇನೋ ಬಂದೀತು. ಆದರೆ ಮಂಗಳವಾರ, ಬುಧವಾರಗಳಲ್ಲಿ ಹುಣಸೂರಿನವರೋ ಪಿರಿಯಾಪಟ್ಟಣದವರೋ ಮಾಡಿಸಿದ ದಾಖಲೆಗಳು ಹೋದವು. ಒಬ್ಬರ ಮನೆ ಉಳಿಸಲು ಹೋಗಿ ಕೇರಿಯನ್ನೇ ಕೆಡವಿದಂತಾಯಿತು. ಇಲ್ಲವೆಂದರೆ ಆ ನಕಲಿನಿಂದ ಬೇರೊಂದು ಕಡೆ ಇಡೀ ಯಂತ್ರವನ್ನು ಎಬ್ಬಿಸಿ, ಒಳಹೊಕ್ಕು, ಒಂದು ಕಾಗದವನ್ನು ತರಬೇಕು. ಹಿಂದೆ ಹಾಗೆಯೇ ಮಾಡುತ್ತಿದ್ದರು, ಗಂಟೆಗಟ್ಟಲೆ ಹಿಡಿಯುತ್ತಿತ್ತು.

ಈಗಿನ ಕ್ರಮ ಹೀಗಿದೆ. ನಕಲನ್ನು ಎಬ್ಬಿಸದೆ, ಓದಲು ಮಾತ್ರ ಅನುಮತಿಯಿರುವ ಡಿಸ್ಕಿನಂತೆ ಇನ್ನೊಂದು ಗಣಕಕ್ಕೆ ಜೋಡಿಸುತ್ತಾರೆ. ಆ ಗಣಕವು ಒಳಗಿನ ಸೂಚಿಯನ್ನು ಓದಿ, ಕಡತದ ಹೆಸರು, ತಾರೀಖು ತೋರಿಸುತ್ತದೆ. ಡಿಸ್ಕಿಗೆ ಒಳಗಿನಿಂದ ಗುಪ್ತಲಿಪಿಯ ಬೀಗ ಹಾಕಿದ್ದರೆ ಮಾತ್ರ ಕೀಲಿಯಿಲ್ಲದೆ ಏನೂ ಕಾಣದು. ಸಿಕ್ಕ ಕಡತವನ್ನು ನೇರವಾಗಿ ಮೂಲದ ಜಾಗಕ್ಕೆ ಹಾಕುವುದು ಜಾಣತನವಲ್ಲ. ಗ್ರಂಥಸಂಪಾದಕನು ಪಾಠಾಂತರವನ್ನು ಪಕ್ಕದಲ್ಲಿಟ್ಟುಕೊಳ್ಳುವಂತೆ, ಅದನ್ನು ಬೇರೆ ಹೆಸರಿನಲ್ಲಿ ಬೇರೆಡೆ ಇಳಿಸಿ, ತೆರೆದು ಓದಿ, ಸರ್ವೆ ನಂಬರು, ಹೆಸರು, ವಿಸ್ತೀರ್ಣಗಳನ್ನು ತಾಳೆ ನೋಡಿ, ಆ ರೈತರದೇ ಹೌದೆಂದು ಖಚಿತವಾದ ಮೇಲೆಯೇ ಅದರ ಸ್ಥಾನಕ್ಕೆ ಸೇರಿಸುತ್ತಾರೆ.